ಮಾರತ್ತಹಳ್ಳಿ ಸೇತುವೆಯ ಮೇಲೆ, ಕೆಳಗೆ

ಬೆಂಗಳೂರು ನನಗೆ ಗೊತ್ತು ಅಂತಲೇ ಇಷ್ಟು ವರ್ಷ ಹೇಳಿಕೊಂಡು ತಿರುಗಿದವನು ನಾನು. ಗೊತ್ತಿದ್ದದ್ದು ಏನು ಅಂತ ಈಗ ಲೆಕ್ಕ ಹಾಕಿದರೆ, ಮೆಜೆಸ್ಟಿಕ್‌ನಲ್ಲಿ ಇಳಿಯೋದು, ವಿಜಯನಗರದಲ್ಲಿ ಚಿಕ್ಕಪ್ಪನ ಮಗನ ಮನೆಗೆ ಹೋಗೋದು, ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೆದಕೋದು, ಗಾಂಧಿಬಜಾರಿನಲ್ಲೊಂದು ಮಸಾಲೆ ದೋಸೆ, ರಾತ್ರಿ ಮತ್ತೆ ಸಾಗರದ ಗಾಡಿ. ಇಷ್ಟೇ! ಇದರಾಚೆ ಇನ್ನೊಂದು ಬೆಂಗಳೂರಿದೆ, ಅಲ್ಲಿ ನಾನು ದಾರಿ ಕೇಳುವ ಹಳ್ಳಿಯವನು ಅನ್ನೋದು ಗೊತ್ತಾಗಿದ್ದು 2025ರ ಜುಲೈನಲ್ಲಿ, ಮಗಳನ್ನು ಮಾರತ್ತಹಳ್ಳಿಗೆ ಬಿಟ್ಟು ಬರಲು ಹೋದಾಗ.

ಮಗಳಿಗೆ ಹೊರವರ್ತುಲ ರಸ್ತೆಯಲ್ಲಿ, ದೇವರಬೀಸನಹಳ್ಳಿ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮಾರತ್ತಹಳ್ಳಿಯಲ್ಲಿ ಪಿ.ಜಿ. ಅದಕ್ಕೆ ಅಡ್ವಾನ್ಸು, ಬಾಡಿಗೆ, ಹೊಸ ಬಟ್ಟೆ, ಬ್ಯಾಗು ಅಂತ ಖರ್ಚಾಗಿ ಅಡಿಕೆ ದುಡ್ಡಿನಲ್ಲಿ ಉಳಿದದ್ದು ಚಿಲ್ಲರೆ. ಮೊದಲ ಸಂಬಳ ಬರೋದು ತಿಂಗಳ ಕೊನೆಗೆ. ಅಲ್ಲಿಯವರೆಗೆ ಓಡಾಟಕ್ಕೆ ಏನು ಮಾಡಬೇಕು ಅನ್ನೋದೇ ಮನೆಯಲ್ಲಿ ಒಂದು ವಾರದ ಜಗಳ.

"ದುಡ್ಡು ಮುಖ ನೋಡಬ್ಯಾಡಿ. ಕ್ಯಾಬ್‌ನಲ್ಲೇ ಹೋಗಿ ಕ್ಯಾಬ್‌ನಲ್ಲೇ ಬರ್ಲಿ. ಬೇಕಾದ್ರೆ ನನ್ನ ಬಳೆ ಇಟ್ಟು ಕೊಡ್ತೀನಿ" ಅಂತ ನನ್ನ ಹೆಂಡತಿ. ಗುರುತು ಪರಿಚಯ ಇಲ್ಲದ ಒಬ್ಬನ ಕಾರಿನಲ್ಲಿ ಒಬ್ಬಳೇ ಕೂರೋದಕ್ಕಿಂತ ಐವತ್ತು ಜನ ಇರೋ ಬಸ್ಸು ವಾಸಿ ಅಂತ ನಾನು. ಇಬ್ಬರ ಮಾತಿನಲ್ಲೂ ಅರ್ಧ ಹೆದರಿಕೆ ಇತ್ತು, ಒಪ್ಪಿಕೊಳ್ಳಲಿಲ್ಲ. ನನ್ನ ಮಾತಿನಲ್ಲಿ ದುಡ್ಡಿನ ಲೆಕ್ಕವೂ ಇತ್ತು, ಅದನ್ನೂ ಒಪ್ಪಿಕೊಳ್ಳಲಿಲ್ಲ. ಮಗಳು ಮಾತ್ರ ಮೊಬೈಲ್ ನೋಡ್ತಾ, "ನೀವಿಬ್ರೂ ಮೊದ್ಲು ಜಗಳ ಮುಗಿಸಿ, ಆಮೇಲೆ ನನ್ನ ಕೇಳಿ" ಅಂದಳು.

ಕೊನೆಗೆ ರಾಜಿ ಆಗಿದ್ದು ಹೀಗೆ. ನಾನು ಮೂರು ದಿನ ಅಲ್ಲೇ ಉಳಿದು, ಬಸ್ಸಿನಲ್ಲೇ ಓಡಾಡಿ, ದಾರಿ ನೋಡಿ, ಅವಳಿಗೆ ತೋರಿಸಿಕೊಟ್ಟು ಬರೋದು. ಸರಿ ಅನ್ನಿಸದಿದ್ದರೆ ಕ್ಯಾಬು, ಬಳೆ ಅಡವು. ಅಂಗಡಿಯಿಂದ ಒಂದು ಚಿಕ್ಕ ನೋಟ್‌ಬುಕ್ ತಂದೆ. ಮೇಲೆ "ಬೆಂಗಳೂರು, ಬಸ್" ಅಂತ ಬರೆದೆ. ಮೂರು ದಿನಕ್ಕೆ ಓಡಾಟದ ಖರ್ಚು 500 ರೂಪಾಯಿ ದಾಟಬಾರದು ಅಂತ ನನಗೆ ನಾನೇ ಶರತ್ತು ಹಾಕಿಕೊಂಡೆ.

ಶನಿವಾರ ರಾತ್ರಿ ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ತಾಳಗುಪ್ಪದಿಂದ ಬರುವ ಮೈಸೂರು ಗಾಡಿ ಹತ್ತಿದೆವು. ಬೆಂಗಳೂರಿಗೆ ಬಂದಾಗ ಇನ್ನೂ ಕತ್ತಲೆ. ಒಂದು ಸೂಟ್‌ಕೇಸು, ಒಂದು ಹಾಸಿಗೆ ಸುತ್ತಿದ್ದು, ಉಪ್ಪಿನಕಾಯಿ ಭರಣಿ ಇರುವ ಕೈಚೀಲ. ಹೊರಗೆ ಬಂದ ಕೂಡಲೇ ನಾಲ್ಕು ಜನ ಆಟೋದವರು ಸುತ್ತುವರಿದರು. "ಮಾರತ್ತಹಳ್ಳಿ" ಅಂದರೆ ಒಬ್ಬರು ಎಂಟುನೂರು ಅಂದರು. ನಾನು ಮಾತಾಡಲಿಲ್ಲ. ಸಬ್‌ವೇ ಇಳಿದು ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಿ ಕಾಫಿ ಕುಡಿದು ಬೆಳಕು ಹರಿಯುವವರೆಗೆ ಕೂತೆವು. ಹೊಸ ಊರಿಗೆ ನಸುಕಿನಲ್ಲಿ ಹೋಗಿ ಇಳಿಯುವವರಿಗೆ ನನ್ನ ಮೊದಲ ಸಲಹೆ ಇದು. ಬೆಳಕಾಗುವವರೆಗೆ ಕೂತರೆ ಅರ್ಧ ಖರ್ಚು ಉಳೀತದೆ.

ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335-ಇ ಮಾರತ್ತಹಳ್ಳಿ ಮೇಲೇ ಹೋಗುತ್ತೆ. ಹತ್ತಿ ಕೂತೆವು. ಕಂಡಕ್ಟರ್ ಹತ್ತಿರ ನಾನು ದಿನದ ಪಾಸ್ ಕೇಳಿದೆ, 80 ರೂಪಾಯಿ. ಮೊದಲು 70 ಇತ್ತಂತೆ, 2025ರ ಜನವರಿಯಲ್ಲಿ ದರ ಏರಿಸಿದಾಗ ಅದೂ ಏರಿತು. ಮಗಳು ಆಧಾರ್ ಕಾರ್ಡ್ ತೋರಿಸಿದಳು, ಸಾಗರದ ವಿಳಾಸ ನೋಡಿ ಒಂದು ಸೊನ್ನೆ ಟಿಕೆಟ್ ಹರಿದು ಕೊಟ್ಟರು. ಶಕ್ತಿ ಯೋಜನೆ ಶುರುವಾಗಿ (2023ರ ಜೂನ್ 11) ಎರಡು ವರ್ಷ ಆಗಿತ್ತು. ನಮ್ಮೂರಲ್ಲಿ ನನ್ನ ಹೆಂಡತಿ ತವರಿಗೆ ಹೋಗೋದು ಹೆಚ್ಚಾಗಿದೆ ಅನ್ನೋದು ಬಿಟ್ಟರೆ ಅದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ! ಈಗ ಪಕ್ಕದಲ್ಲಿ ಕೂತು ಲೆಕ್ಕ ಹಾಕಿದೆ. ದಿನಾ ಆಫೀಸಿಗೆ ಹೋಗಿ ಬರೋದು ಸೊನ್ನೆ. ತಿಂಗಳಿಗೂ ಸೊನ್ನೆ. ಒಂದು ವಾರ ಗಂಡ ಹೆಂಡತಿ ಜಗಳ ಆಡಿದ್ದು ಯಾವ ದುಡ್ಡಿಗೆ?

"ಅಪ್ಪಾ, ನಾನು ಮನೇಲೇ ಹೇಳಿದ್ನಲ್ಲ, ನನ್ನ ಕೇಳಿ ಅಂತ."

ಒಂದು ವಿಷಯ ಮಾತ್ರ ನೋಟ್‌ಬುಕ್ಕಿನಲ್ಲಿ ಅಡಿಗೆರೆ ಹಾಕಿ ಬರೆದೆ. ಪುಕ್ಕಟೆ ಅಂತ ಟಿಕೆಟ್ ತಗೊಳ್ಳದೆ ಕೂರಬಾರದು. ಸೊನ್ನೆ ಟಿಕೆಟ್ಟೇ ಆದರೂ ಕೈಯಲ್ಲಿರಬೇಕು, ತಪಾಸಣೆಯವರು ಬಂದರೆ ಅದನ್ನೇ ಕೇಳೋದು.

ದಾರಿಯಲ್ಲಿ ದೊಮ್ಮಲೂರು ದಾಟಿದ ಮೇಲೆ ಎಚ್‌ಎಎಲ್ ಗೋಡೆ ಸಿಗುತ್ತೆ, ಮುಗಿಯೋದೇ ಇಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗುವವರೆಗೆ ಬೆಂಗಳೂರಿಗೆ ವಿಮಾನದಲ್ಲಿ ಬಂದವರೆಲ್ಲ ಇಳೀತಿದ್ದದ್ದು ಇಲ್ಲೇ. ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು, ಮಾರತ್ತಹಳ್ಳಿಗೆ ಹೆಸರು ಬಂದದ್ದು ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧ ವಿಮಾನದಿಂದ ಅಂತ ಹೇಳಿದರು. ಆ ವಿಮಾನ ಮೊದಲು ಹಾರಿದ್ದು 1961ರಲ್ಲಿ. ಹಳ್ಳಿ ಅಂತ ಹೆಸರಿನಲ್ಲೇ ಇರೋ ಊರು ವಿಮಾನಕ್ಕಿಂತ ಮೊದಲೇ ಇದ್ದಿರಬೇಕಲ್ವಾ ಅಂತ ನನ್ನ ಅನುಮಾನ. ಹಿರಿಯರು ಅಂತ ಸುಮ್ಮನಾದೆ.

ಮಾರತ್ತಹಳ್ಳಿಯಲ್ಲಿ ಇಳಿದು ಪಿ.ಜಿ.ಗೆ ಹೋಗೋಕೆ ಆಟೋ ಕೇಳಿದರೆ ನೂರೈವತ್ತು. ದೂರ ಒಂದೂವರೆ ಕಿಲೋಮೀಟರು. ಆಗ ಮೀಟರ್ ಪ್ರಕಾರ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ (ಆಗಸ್ಟ್ 1ರಿಂದ 36 ಆಯ್ತು). ಬೈಕ್ ಟ್ಯಾಕ್ಸಿ ಕರೀರಿ, ಅಗ್ಗ ಅಂತ ವಿಜಯನಗರದ ತಮ್ಮ ಹೇಳಿಕೊಟ್ಟಿದ್ದ. ಅದು ಜೂನ್ 16ರಿಂದ ಕೋರ್ಟ್ ಆದೇಶದ ಮೇಲೆ ನಿಂತಿತ್ತು. ಇದ್ದಿದ್ದರೂ ಹಾಸಿಗೆ ಎಲ್ಲಿ ಇಡೋದು ಹೇಳಿ! ಹಾಸಿಗೆ ನನ್ನ ಹೆಗಲಿಗೆ, ಸೂಟ್‌ಕೇಸ್ ಎಳೆದುಕೊಂಡು ಅವಳು, ನಡೆದೇ ಹೋದೆವು. ಮಗಳಿಗೆ ನಾಚಿಕೆ ಆಗುತ್ತೇನೋ ಅಂತ ನೋಡಿದೆ. "ಇಲ್ಲಿ ಯಾರೂ ಯಾರನ್ನೂ ನೋಡಲ್ಲಪ್ಪಾ" ಅಂದಳು. ಆ ಮಾತು ನನಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ.

ಮಧ್ಯಾಹ್ನ ಆಫೀಸಿನ ದಾರಿಯ ರಿಹರ್ಸಲ್. ಭಾನುವಾರ ಆದ್ದರಿಂದ ಸಲೀಸು. ಇಲ್ಲಿ ಮಾರತ್ತಹಳ್ಳಿಯ ರಚನೆ ಸ್ವಲ್ಪ ಹೇಳಬೇಕು. ಹೊರಗಿನಿಂದ ಬಂದವರು ಮೋಸ ಹೋಗೋದು ಇಲ್ಲೇ. ಹಳೇ ವಿಮಾನ ನಿಲ್ದಾಣದ ರಸ್ತೆ ಕೆಳಗೆ ಹೋಗುತ್ತೆ, ಹೊರವರ್ತುಲ ರಸ್ತೆ ಅದರ ಮೇಲೆ ಸೇತುವೆಯಾಗಿ ದಾಟುತ್ತೆ. ಎಲ್ಲರೂ "ಮಾರತ್ತಹಳ್ಳಿ ಬ್ರಿಡ್ಜ್" ಅಂತಲೇ ಹೇಳೋದು. ಆದರೆ ಮೇಲಿನ ಬಸ್ಸು ಬೇರೆ, ಕೆಳಗಿನ ಬಸ್ಸು ಬೇರೆ, ನಡುವೆ ಮೆಟ್ಟಿಲು. 335-ಇ ಕೆಳಗೆ. ಹೆಬ್ಬಾಳಕ್ಕೂ ಸಿಲ್ಕ್ ಬೋರ್ಡಿಗೂ ನಡುವೆ ಓಡಾಡುವ 500-ಡಿ ಮೇಲೆ. ಮಗಳಿಗೆ ಬೇಕಾದ್ದು ಮೇಲಿನದು. ಬೆಳಿಗ್ಗೆ ಸಿಲ್ಕ್ ಬೋರ್ಡ್ ಬೋರ್ಡು ಇರೋ ಬಸ್ಸು, ಸಂಜೆ ಹೆಬ್ಬಾಳದ ಬೋರ್ಡು ಇರೋದು. ಹೋಗುವಾಗ ಮಲ್ಟಿಪ್ಲೆಕ್ಸ್, ಕಾಡುಬೀಸನಹಳ್ಳಿ, ಆಮೇಲೆ ದೇವರಬೀಸನಹಳ್ಳಿ. ಅಂಬೆಗಾಲಿನ ದೂರ. ಹೋದೆವು, ಗೇಟು ನೋಡಿದೆವು, ಬಂದೆವು. ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ಅಲ್ಲಲ್ಲಿ ತಗಡಿನ ಬೇಲಿ, ಕೆಸರು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಕಟ್ಟುತ್ತಿದ್ದ ನೀಲಿ ಮಾರ್ಗ ಅದು. ನಮಗೆ ಆಗ ಉಪಯೋಗಕ್ಕೆ ಬಂದದ್ದು ಅದರ ಕೆಸರು ಮಾತ್ರ.

ಇಷ್ಟೆಲ್ಲ ಮಗಳಿಗೆ ಪಾಠ ಮಾಡಿ, ಬರೆದು, ಗೆರೆ ಎಳೆದು ತೋರಿಸಿದ ಮಹಾನುಭಾವ ಸಂಜೆ ಏನು ಮಾಡಿದ ಗೊತ್ತೇ? ಹೆಣ್ಣುಮಕ್ಕಳ ಪಿ.ಜಿ.ಯಲ್ಲಿ ನನಗೆ ಜಾಗ ಇಲ್ಲವಲ್ಲ, ಮಲಗೋಕೆ ವಿಜಯನಗರಕ್ಕೆ ಹೋಗಬೇಕಿತ್ತು. ಪಾಸು ಜೇಬಿನಲ್ಲಿದೆ, ಮೆಜೆಸ್ಟಿಕ್‌ಗೆ 335-ಇ ಹಿಡಿಯೋಣ ಅಂತ ಸೀದಾ ಮೆಟ್ಟಿಲು ಹತ್ತಿ ಸೇತುವೆ ಮೇಲೆ ನಿಂತೆ. ನಲವತ್ತು ನಿಮಿಷ! 500ರ ಸಾಲಿನ ಬಸ್ಸುಗಳು ಬಂದವು, ಹೋದವು. ಕಡಲೆಕಾಯಿ ಮಾರುವವರೊಬ್ಬರು ನನ್ನನ್ನು ನೋಡಿ ನೋಡಿ ಸಾಕಾಗಿ, "ಎಲ್ಲಿಗೆ ಸಾರ್?" ಅಂತ ಕೇಳಿದರು. ಹೇಳಿದೆ. ಅವರು ಮಾತೇ ಆಡದೆ ಬೆರಳು ಕೆಳಗೆ ತೋರಿಸಿದರು. ಇಣುಕಿದರೆ ಅಷ್ಟು ಹೊತ್ತಿಗೆ ಸರಿಯಾಗಿ ಒಂದು 335-ಇ ಹೋಗ್ತಾ ಇದೆ. ಹತ್ತು ರೂಪಾಯಿ ಕಡಲೆಕಾಯಿ ತಗೊಂಡು ಮೆಟ್ಟಿಲಿಳಿದೆ. (ಇದನ್ನು ಮಗಳಿಗೆ ಹೇಳಿರಲಿಲ್ಲ. ಈಗ ಓದ್ತಾಳೆ.)

ಸೋಮವಾರ ಬೆಳಿಗ್ಗೆ ಇನ್ನೊಂದು ಎಡವಟ್ಟು. ಮೆಜೆಸ್ಟಿಕ್‌ನಲ್ಲಿ ಆ ದಿನದ ಪಾಸು ಮಾಡಿಸಿಕೊಂಡು ಹೊರಟವನು ನಡುದಾರಿಯಲ್ಲಿ ಬಸ್ ಬದಲಿಸುವಾಗ ಖಾಲಿ ಇದೆ ಅಂತ ಕಣ್ಣುಮುಚ್ಚಿ ಎಸಿ ಬಸ್ ಹತ್ತಿದೆ. "ಯಜಮಾನ್ರೇ, ಈ ಪಾಸು ಇಲ್ಲಿ ನಡೆಯಲ್ಲ" ಅಂದರು ಕಂಡಕ್ಟರ್. ಸಾದಾ ಪಾಸಿಗೂ ಎಸಿ ಪಾಸಿಗೂ ಬೇರೆ ಬೇರೆ ದರ. ಶಕ್ತಿ ಟಿಕೆಟ್ಟೂ ಎಸಿ ಬಸ್ಸಿನಲ್ಲಿ ಇಲ್ಲ. ದುಡ್ಡು ಕೊಟ್ಟು ತಣ್ಣಗೆ ಕೂತೆ. ಆದರೆ ಸದ್ದೇ ಇಲ್ಲದ ಹೊಸ ಎಲೆಕ್ಟ್ರಿಕ್ ಬಸ್ಸುಗಳಿವೆಯಲ್ಲ, ಅವನ್ನು ನೋಡಿ ಎಸಿ ಅಂತ ಹೆದರಿ ಬಿಡಬೇಡಿ. ಅದರಲ್ಲಿ ಸಾದಾ ದರದವು ಬೇಕಾದಷ್ಟಿವೆ. ಕಿಟಕಿ ತೆರೆದಿದೆಯಾ ನೋಡಿಕೊಂಡರೆ ಸಾಕು.

ಅವತ್ತು ಮಗಳ ಮೊದಲ ದಿನ. ಬೆಳಿಗ್ಗೆ ನಾನೇ ಜೊತೆಗೆ ಹೋಗಿ ಗೇಟಿನವರೆಗೆ ಬಿಟ್ಟೆ. ಸಂಜೆ ಒಬ್ಬಳೇ ಬರಬೇಕು ಅಂತ ಮಾತಾಗಿತ್ತು. ಆರೂವರೆಗೆ ಬಿಡುತ್ತೆ, ಏಳೂಕಾಲಿಗೆ ಸೇತುವೆ ಮೇಲೆ ನಾನು ನಿಂತಿರ್ತೀನಿ. ಅದೇ ಪರೀಕ್ಷೆ. ಪಾಸಾದರೆ ಬಸ್ಸು, ಇಲ್ಲದಿದ್ದರೆ ಬಳೆ.

ಆರು ಗಂಟೆಗೆ ಮಳೆ ಹಿಡಿಯಿತು. ನಮ್ಮ ಸಾಗರದ ಮಳೆ ಮುಂದೆ ಅದೇನು ಮಳೆ ಅಲ್ಲ. ಆದರೆ ನಮ್ಮಲ್ಲಿ ಮಳೆ ಬಂದರೆ ಹೊಳೆ ಹರಿಯುತ್ತೆ, ಅಲ್ಲಿ ಎಲ್ಲ ನಿಲ್ಲುತ್ತೆ. ಏಳೂಕಾಲಾಯಿತು. ಏಳೂವರೆ ಆಯಿತು. ಬರುವ ಬಸ್ಸುಗಳ ಬಾಗಿಲಿಗೆ ಹೋಗಿ ಇಳಿಯುವ ಮುಖಗಳನ್ನು ನೋಡ್ತಾ ನಿಂತೆ. ಎಲ್ಲ ಹುಡುಗಿಯರ ಕೊರಳಲ್ಲೂ ಅದೇ ಥರ ಗುರುತಿನ ಚೀಟಿ, ಬೆನ್ನಲ್ಲಿ ಅದೇ ಥರ ಬ್ಯಾಗು. ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಎಂಟಾಯಿತು. ಮತ್ತೆ ಮಾಡಿದೆ, ಸ್ವಿಚ್ಡ್ ಆಫ್. ಬಸ್ಸುಗಳು ಬರೋದೇ ನಿಂತುಹೋದವು. ದೂರದವರೆಗೆ ಕೆಂಪು ದೀಪಗಳ ಸಾಲು, ಯಾವುದೂ ಅಲ್ಲಾಡ್ತಿಲ್ಲ. ಅಲ್ಲಿಗೆ ನಡೆದು ಹೋಗೋಣ ಅಂದರೆ, ನಾನು ಹೋದಾಗ ಅವಳು ಇಲ್ಲಿಗೆ ಬಂದುಬಿಟ್ಟರೆ?

ಎಂಟೂಕಾಲಿಗೆ ಮನೆಯಿಂದ ಫೋನು.

"ಬಂದ್ಲಾ?"

"ಹ್ಞೂಂ, ಬಂದ್ಲು. ಊಟಕ್ಕೆ ಕೂತಿದಾಳೆ."

"ಕೊಡಿ ಸ್ವಲ್ಪ."

"ಒಳಗಿದಾಳೆ ಮಾರಾಯ್ತಿ, ಗಂಡಸರನ್ನ ಒಳಗೆ ಬಿಡಲ್ಲ ಅಂತ ಹೇಳಿಲ್ವಾ. ಆಮೇಲೆ ಮಾಡಿಸ್ತೀನಿ."

ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳ ಹತ್ತಿರ ಸಣ್ಣಪುಟ್ಟ ಸುಳ್ಳು ಎಷ್ಟೋ ಹೇಳಿದ್ದೇನೆ. ಈ ಸುಳ್ಳು ಹೇಳಿ ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು. ನೋಟ್‌ಬುಕ್ ಜೇಬಿನಲ್ಲೇ ಇತ್ತು, ಒದ್ದೆಯಾಗಿತ್ತು. 500 ರೂಪಾಯಿ ಶರತ್ತು ಹಾಕಿಕೊಂಡವನು ನಾನೇ ಅಲ್ವಾ, ಬೆಳಿಗ್ಗೆಯೇ ಇನ್ನೂರು ರೂಪಾಯಿ ಕೊಟ್ಟು ಕ್ಯಾಬ್‌ನಲ್ಲಿ ಬಾ ಅಂದಿದ್ದರೆ ಏನಾಗ್ತಿತ್ತು ಅಂತ ಎಷ್ಟು ಸಲ ಅಂದುಕೊಂಡೆನೋ. ಕ್ಯಾಬೂ ಅದೇ ರಸ್ತೆಯಲ್ಲೇ ನಿಂತಿರ್ತಿತ್ತು ಅನ್ನೋದು ಆ ಹೊತ್ತಿನಲ್ಲಿ ತಲೆಗೆ ಹೋಗಲಿಲ್ಲ.

ಎಂಟು ನಲವತ್ತಕ್ಕೆ ಬಂದಳು. ಬಸ್ಸಿನಿಂದ ಅಲ್ಲ, ರಸ್ತೆ ಬದಿಯಲ್ಲಿ ನಡೆದುಕೊಂಡು. ಹೊಸ ಚಪ್ಪಲಿ ಕೈಯಲ್ಲಿ, ಪ್ಯಾಂಟು ಮೊಣಕಾಲವರೆಗೆ ಮಡಚಿದ್ದು. ಜೊತೆಗೆ ಇನ್ನಿಬ್ಬರು ಹುಡುಗಿಯರು, ಒಬ್ಬಳ ಮಾತು ಕೇಳಿದರೆ ಹುಬ್ಬಳ್ಳಿ ಕಡೆಯವಳು. ಮೂವರೂ ಏನೋ ನಗ್ತಾ ಬರ್ತಿದ್ದಾರೆ!

ನನ್ನ ಬಾಯಿಂದ ಮೊದಲು ಬಂದ ಮಾತು, ದೇವರಾಣೆ, "ಟಿಕೆಟ್ ತಗೊಂಡಿದ್ಯಾ?"

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬ್ಯಾಗಿನಿಂದ ಒದ್ದೆಯಾದ ಸೊನ್ನೆ ಟಿಕೆಟ್ ತೆಗೆದು ನನ್ನ ಕೈಗೆ ಕೊಟ್ಟಳು.

ಆಗಿದ್ದು ಇಷ್ಟೇ. ಟ್ರೈನಿಂಗ್ ಬಿಟ್ಟಿದ್ದೇ ಏಳರ ಮೇಲೆ. ದಿನವಿಡೀ ಏನೇನೋ ಫಾರಂ ತುಂಬಿಸಿ ಮೊಬೈಲ್ ಚಾರ್ಜ್ ಮುಗಿದಿತ್ತು. ಹೆಬ್ಬಾಳದ ಬಸ್ಸು ಸರಿಯಾಗಿಯೇ ಹತ್ತಿದ್ದಳು. ಅದು ಕಾಡುಬೀಸನಹಳ್ಳಿ ಹತ್ತಿರ ನಿಂತದ್ದು ನಿಂತೇ ಇತ್ತು. ಅರ್ಧ ಗಂಟೆ ನೋಡಿ, "ಇಲ್ಲಿಂದ ನಡೆದ್ರೆ ಬೇಗ ಹೋಗ್ತೀರಮ್ಮ, ಜೊತೆಗೆ ಹೋಗಿ" ಅಂತ ಕಂಡಕ್ಟರಮ್ಮನೇ ಬಾಗಿಲು ತೆಗೆಸಿ ಮೂವರನ್ನೂ ಇಳಿಸಿದರಂತೆ. ಆ ಇಬ್ಬರೂ ಇವಳ ಕಂಪನಿಯವರಲ್ಲ. ಬಸ್ಸಿನಲ್ಲಿ ಪರಿಚಯ ಆದವರು.

"ನನ್ನ ಫೋನಿಂದ ಮಾಡು ಅಂದ್ರೆ ನಂಬರ್ ಬಾಯಿಪಾಠ ಇಲ್ಲ ಅಂದ್ಲು ನೋಡ್ರಿ ಅಂಕಲ್" ಅಂದಳು ಹುಬ್ಬಳ್ಳಿ ಹುಡುಗಿ. ಅದನ್ನು ಕೇಳಿ ನಾನು ಬೈಯಬೇಕು ಅಂತಿದ್ದದ್ದೂ ಮರೆತುಹೋಯಿತು. ಯಾವ ಬಸ್ಸು, ಯಾವ ಬೋರ್ಡು, ಯಾವ ಮೆಟ್ಟಿಲು ಎಲ್ಲ ಬರೆದುಕೊಟ್ಟವನು ಅಪ್ಪನ ನಂಬರ್ ಬಾಯಿಪಾಠ ಮಾಡು ಅಂತ ಹೇಳಿರಲಿಲ್ಲ. ಅಲ್ಲೇ ಸೇತುವೆ ಕೆಳಗೆ ನಾಲ್ಕೂ ಜನ ಬಿಸಿ ಇಡ್ಲಿ ತಿಂದೆವು. ನನ್ನ ಫೋನಿನಿಂದ ಅಮ್ಮನ ಹತ್ತಿರ ಮಾತಾಡಿದಳು, "ಹ್ಞೂಂ ಅಮ್ಮಾ, ಊಟ ಆಗ್ಲೇ ಆಯ್ತು" ಅಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅವಳೇ ಅರ್ಥ ಮಾಡಿಕೊಂಡಿದ್ದಳು.

ಮಂಗಳವಾರ ನನ್ನ ಪಾಲಿಗೆ ಬಿಡುವು. ಎಂಬತ್ತು ರೂಪಾಯಿ ಪಾಸು ತಗೊಂಡು ಅದರ ಚರ್ಮ ಸುಲಿದೆ ಅನ್ನಬಹುದು. ಕುಂದಲಹಳ್ಳಿ ಗೇಟು, ಕಾಡುಗೋಡಿ, ಟಿನ್ ಫ್ಯಾಕ್ಟರಿ ಅಂತ ಬಸ್ ಬದಲಿಸಿ ಸುತ್ತಿದೆ. ಪಾಸಿನ ಸುಖ ಏನಂದ್ರೆ, ತಪ್ಪು ಬಸ್ ಹತ್ತಿದರೂ ನಷ್ಟ ಇಲ್ಲ. ಇಳಿದು ಇನ್ನೊಂದು ಹತ್ತಿದರಾಯ್ತು. ಹೊಸ ಊರಿನಲ್ಲಿ ತಪ್ಪು ಮಾಡೋದು ಖಂಡಿತ, ಆದ್ದರಿಂದ ಎರಡು ಮೂರು ದಿನಕ್ಕೆ ಹೋಗುವವರು ಬಿಡಿ ಬಿಡಿ ಟಿಕೆಟ್ ತಗೊಳ್ಳೋದಕ್ಕಿಂತ ಪಾಸು ಮಾಡಿಸೋದು ವಾಸಿ.

ಸಂಜೆ ಮಗಳು ಸೇತುವೆಗೆ ಬಂದಾಗ ಏಳೂಮುಕ್ಕಾಲು. ಮಳೆ ಇರಲಿಲ್ಲ, ಬಸ್ಸಿನಿಂದಲೇ ಇಳಿದಳು. ಬೀಳ್ಕೊಡೋಕೆ ಮೆಜೆಸ್ಟಿಕ್‌ವರೆಗೆ ಬರ್ತೀನಿ ಅಂದಳು, ಬೇಡ ಅಂದೆ. ಹನ್ನೊಂದರ ಆಸುಪಾಸಿಗೆ ನನ್ನ ಗಾಡಿ, ಅವಳು ವಾಪಸ್ ಒಬ್ಬಳೇ ಬರೋದು ಹೇಗೆ? "335-ಇ ಬೇಡ, ಈ ಹೊತ್ತಲ್ಲಿ ದೊಮ್ಮಲೂರಲ್ಲೇ ರಾತ್ರಿ ಆಗುತ್ತೆ. ಮೇಲಿಂದ 500-ಡಿ ಹತ್ತು, ಟಿನ್ ಫ್ಯಾಕ್ಟರೀಲಿ ಇಳಿ, ಅಲ್ಲಿ ಬೆನ್ನಿಗಾನಹಳ್ಳಿ ಮೆಟ್ರೋ ಸ್ಟೇಷನ್ ಇದೆ, ನೇರಳೆ ಮಾರ್ಗ, ಮೆಜೆಸ್ಟಿಕ್‌ಗೆ ಸೀದಾ" ಅಂತ ಅವಳೇ ನನಗೆ ಹೇಳಿದಳು. ಎರಡೇ ದಿನದಲ್ಲಿ! 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರ, ಬೈಯಪ್ಪನಹಳ್ಳಿ ನಡುವಿನ ತುಂಡು ಸೇರಿದ ಮೇಲೆ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಒಂದೇ ರೈಲು. 2025ರ ಫೆಬ್ರವರಿಯಲ್ಲಿ ದರ ಏರಿಸಿ, ಅತಿ ಹೆಚ್ಚಿನ ಟಿಕೆಟ್ 90 ರೂಪಾಯಿ ಮಾಡಿದ್ದರಿಂದ ನನ್ನಂಥವರು ದಿನಾ ಹತ್ತುವಂಥದ್ದಲ್ಲ. ಆದರೆ ರಾತ್ರಿ ಗಾಡಿ ಹಿಡಿಯಬೇಕಾದವರು ಆ ದುಡ್ಡು ಉಳಿಸೋಕೆ ಹೋಗಬಾರದು.

ಅವಳು ಹೇಳಿದ ಹಾಗೇ ಹೋದೆ, ಗಾಡಿಗೆ ಇನ್ನೂ ಒಂದು ಗಂಟೆ ಇರುವಾಗಲೇ ತಲುಪಿದೆ. ನೋಟ್‌ಬುಕ್ ಅವಳಿಗೆ ಕೊಟ್ಟು ಬಂದಿದ್ದೆ, ಹಾಗಾಗಿ ಖರ್ಚನ್ನು ಪ್ಲಾಟ್‌ಫಾರಂನಲ್ಲಿ ಕೂತು ಬೆರಳಲ್ಲೇ ಎಣಿಸಿದೆ. ಮೂರು ಪಾಸು 240, ಎಸಿ ಬಸ್ಸಿನ ದಂಡ, ರಾತ್ರಿ ಮೆಜೆಸ್ಟಿಕ್‌ನಿಂದ ವಿಜಯನಗರಕ್ಕೆ ಒಮ್ಮೆ ಆಟೋ, ಈ ಮೆಟ್ರೋ. 500 ದಾಟಿರಲಿಲ್ಲ. ಕಡಲೆಕಾಯಿ, ಇಡ್ಲಿ ಸೇರಿಸಿದರೆ ದಾಟುತ್ತೆ, ಸೇರಿಸಲಿಲ್ಲ.

ಬಳೆ ಬೀರುವಿನಲ್ಲೇ ಇದೆ. ಸೋಮವಾರದ ಕಥೆ ಹೆಂಡತಿಗೆ ಹೇಳಿದ್ದು ಮೊದಲ ಸಂಬಳ ಬಂದ ಮೇಲೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಮೂರನೇ ದಿನ ಇಬ್ಬರ ನಂಬರನ್ನೂ ಮಗಳ ಹತ್ತಿರ ಫೋನಿನಲ್ಲಿ ಬಾಯಿಪಾಠ ಒಪ್ಪಿಸಿಕೊಂಡಳು, ಮಗ್ಗಿ ಹೇಳಿಸಿದ ಹಾಗೆ.

ಅಂದ ಹಾಗೆ, ಓದುವವರಲ್ಲಿ ಮಾರತ್ತಹಳ್ಳಿ ಕಡೆಯವರು ಯಾರಾದರೂ ಇದ್ದರೆ ಒಂದು ವಿಷಯ ತಿಳಿಸಿ. ರಾತ್ರಿ ಒಂಬತ್ತೂವರೆ ಮೇಲೆ ದೇವರಬೀಸನಹಳ್ಳಿಯಿಂದ ಹೆಬ್ಬಾಳದ ಕಡೆಗೆ ಎಷ್ಟು ಹೊತ್ತಿಗೊಂದು ಬಸ್ಸು? ಹತ್ತು ನಿಮಿಷಕ್ಕೊಂದು ಅಂತ ಮಗಳು ಹೇಳ್ತಾಳೆ. ಅಮ್ಮನ ಹತ್ತಿರ ಊಟ ಆಯ್ತು ಅಂದವಳು ಅವಳೇ, ಅದಕ್ಕೆ ನಿಮ್ಮನ್ನು ಕೇಳ್ತಿದ್ದೇನೆ.